ಉಭಯಪಾರಂಗತನ ನಾರಿಕೇಳ ಸಮರ

ಸ್ವಸ್ತಿ. ಯುಗಗಳಲ್ಲಿ ಕಡೆಯದಾದ, ಧರ್ಮವು ಒಂಟಿಕಾಲಿನ ಮೇಲೆ ನಿಂತು ಆ ಕಾಲಿಗೂ ನೋವಿನೆಣ್ಣೆ ತಿಕ್ಕಿಸಿಕೊಳ್ಳುತ್ತಿರುವ ಈ ಕಾಲದಲ್ಲಿ, ತಿಪಟೂರು ಸೀಮೆಯೊಳಗೆ, ಗಗನಚುಂಬಿನಾರಿಕೇಳವನಪರಿವೃತವೂ ಕೊಬ್ಬರಿಗಂಧಬಂಧುರಪವನಸೇವಿತವೂ ದಿನಕ್ಕೆರಡು ಸಲ ಬಸ್ಸಿನಿಂದ ಸಂದರ್ಶಿತವೂ ಆದ ಕರಿಬಸವನಕಟ್ಟೆಯೆಂಬ ಗ್ರಾಮವಿತ್ತು. ಆ ಗ್ರಾಮದಲ್ಲಿ, ಶಾಲೆಯ ಗಂಟೆ, ಬಸ್ಸಿನ ಹಾರನ್ನು, ಅಡುಗೆಮನೆಯ ಕುಕ್ಕರು, ತನ್ನ ಮಂಡಿಯ ಲಟಕ್ಕು ಮತ್ತು ತನ್ನದೇ ಕಂಠ ಎಂಬ ಪಂಚಮಹಾಶಬ್ದಗಳನ್ನು ಸಂಪಾದಿಸಿದವನೂ, ಕೆಂಪುಶಾಯಿಯ ಲೇಖನಿಯೆಂಬ ಖಡ್ಗವನ್ನು ಮೂವತ್ತೊಂದು ವರ್ಷ ಒರೆಗೆ ಸೇರಿಸದೆ ಝಳಪಿಸಿದವನೂ, ಕಾಗುಣಿತದೋಷಕರಿಘಟಾಕಂಠೀರವನೂ, ಚಾಕ್‌ಪೀಸಿನ ಧೂಳಿನಿಂದ ಧವಳಿತವಾದ ಮೀಸೆಯುಳ್ಳವನೂ ಆದ ಮರುಳಸಿದ್ದಪ್ಪ ಪಂಡಿತನೆಂಬ ವೀರನಿದ್ದನು. ಎಲೈ ವಾಗ್ದೇವಿ, ಅವನ ಕಥೆ ಮುಗಿಯುವವರೆಗೆ ಈ ನಾಲಗೆಯ ಮೇಲೆ ಕೊಂಚ ಕೂತಿರು. ಜಾಗ ಇಕ್ಕಟ್ಟೆನಿಸಿದರೆ ಸಮಾಸಗಳನ್ನು ಅತ್ತ ಸರಿಸಿಕೋ.

ಲೋಕದಲ್ಲಿ ಕೆಲವರು ಹುಲಿಯನ್ನು ಬೇಟೆಯಾಡುತ್ತಾರೆ, ಕೆಲವರು ಹುದ್ದೆಯನ್ನು. ಮರುಳಸಿದ್ದಪ್ಪನು ಬೇಟೆಯಾಡಿದ್ದು ತಲೆಕಟ್ಟನ್ನು. ಕನ್ನಡದ ಅಕ್ಷರದ ನೆತ್ತಿಯ ಮೇಲೆ ಪುಟ್ಟ ರೆಕ್ಕೆಯಂತೆ ಕೂರುವ ಆ ಗೆರೆಯು ಸೋಮಾರಿ ಕೈಗಳಲ್ಲಿ ಅಲೆಯಂತೆ ಬಳುಕಿದರೆ ಅವನ ರಕ್ತವು ಕುದಿಯುತ್ತಿತ್ತು. ತಲೆಕಟ್ಟು ನೆಟ್ಟಗಿಲ್ಲದವನ ತಲೆ ನೆಟ್ಟಗಿರುವುದುಂಟೇ ಎಂಬುದು ಅವನ ಸೂತ್ರ. ಮದುವೆಯ ಕರೆಯೋಲೆಗಳನ್ನು ತಿದ್ದಿ ಕಳಿಸಿದವರಿಗೇ ಹಿಂದಿರುಗಿಸುವನು. ಇದರಿಂದ ಅವನಿಗೆ ಊಟಗಳು ಕಡಿಮೆಯಾದವು, ಕೀರ್ತಿಯು ಹೆಚ್ಚಿತು. ಒಮ್ಮೆ ತೀರಿಹೋದ ಪಟೇಲರ ಬ್ಯಾನರಿನಲ್ಲಿ 'ಶ್ರದ್ದಾಂಜಲಿ' ಎಂದಿದ್ದುದನ್ನು ಕಂಡು ತಾನೇ ಏಣಿ ಹತ್ತಿ, ಸತ್ತವರಿಗೆ ಮಹಾಪ್ರಾಣವನ್ನು ದಯಪಾಲಿಸಿದ್ದನು.

ಆದರೆ ಊರು ಕೃತಘ್ನವಾದುದು. ಇಷ್ಟೆಲ್ಲ ಮಾಡಿದವನನ್ನು ಅದು 'ತಲೆಕಟ್ಟು ಮೇಷ್ಟ್ರು' ಎಂದು ಕರೆಯಿತು. ಅವನಿಂದ ಅಕ್ಷರ ಕಲಿತು ತಹಸೀಲ್ದಾರರಾದವರೂ ಹಾಗೆಯೇ ಕರೆದರು. ನಿವೃತ್ತಿಗೆ ಇನ್ನು ನಾಲ್ಕು ವರ್ಷವಿದೆಯೆನ್ನುವಾಗ, ಈ ಹೆಸರೇ ತನ್ನ ಬೀಳ್ಕೊಡುಗೆಯ ಹಾರದಲ್ಲೂ ಸಿಕ್ಕಿಕೊಂಡು ಬರುವುದೆಂಬ ಭಯವು ಅವನ ಎದೆಯನ್ನು ಹುಳುವಿನಂತೆ ಕೊರೆಯತೊಡಗಿತು. ಅದನ್ನು ಅವನು ಯಾರಿಗೂ ಹೇಳಲಿಲ್ಲ. ಹೇಳಿದರೆ ನಗುತ್ತಾರೆಂದು ಅವನಿಗೆ ಗೊತ್ತಿತ್ತು.

ಹೀಗಿರಲು, ಆ ವರ್ಷ ಚೈತ್ರದಲ್ಲಿ, ಪರೀಕ್ಷೆಯ ಉತ್ತರಪತ್ರಿಕೆಗಳ ಮೌಲ್ಯಮಾಪನವೆಂಬ ದಂಡಯಾತ್ರೆಗೆ ಅವನು ಮೈಸೂರಿಗೆ ಹೋದನು. ಇಳಿದುಕೊಂಡಿದ್ದ ಛತ್ರದ ಪಕ್ಕದ ಸಭಾಂಗಣದಲ್ಲಿ ಪ್ರತಿ ಸಂಜೆ ಗುದ್ದು ಒದೆತಗಳ ಸದ್ದು ಕೇಳುತ್ತಿತ್ತು. ಇಣುಕಿದರೆ, ನಾಲ್ಕೂವರೆ ಅಡಿ ಎತ್ತರದ, ಅರವತ್ತು ದಾಟಿದ, ಬೆಳ್ಳಿಗೂದಲಿನ ಒಬ್ಬ ಹೆಂಗಸು ಆರಡಿಯ ಗಂಡಸರನ್ನು ಒಬ್ಬೊಬ್ಬರಾಗಿ ಚಾಪೆಯ ಮೇಲೆ ಮಲಗಿಸುತ್ತಿದ್ದರು. ಅವರೇ ವಿಯೆಟ್ನಾಮ್ ದೇಶದ ಗುರು ಡಿಯೆಪ್. ಹದಿನಾಲ್ಕು ವರ್ಷದಿಂದ ಮೈಸೂರಿನಲ್ಲಿದ್ದು ತಮ್ಮ ನಾಡಿನ ಸಮರಕಲೆ ಕಲಿಸುತ್ತಿದ್ದವರು. ಕನ್ನಡವನ್ನು ದೇವರಾಜ ಮಾರುಕಟ್ಟೆಯ ಸೊಪ್ಪಿನವರಿಂದ ಕಲಿತವರು. ಅವರ ಹಿಂದಿನ ಗೋಡೆಯ ಮೇಲೆ ನಾಲ್ಕು ಪದಗಳಿದ್ದವು. ಇಂಗ್ಲಿಷಿನದೇ ಅಕ್ಷರ, ಆದರೆ ತಲೆಯ ಮೇಲೆ ಕಾಲ ಕೆಳಗೆ ನಾನಾ ಗುರುತುಗಳು.

"ವಾನ್ ವೋ ಸೋಂಗ್ ತ್ವಾನ್," ಎಂದು ಅವರು ಓದಿ ತೋರಿಸಿದರು. "ವಾನ್ ಅಂದ್ರೆ ಅಕ್ಷರ. ವೋ ಅಂದ್ರೆ ಸಮರ. ಎರಡರಲ್ಲೂ ಪೂರ್ಣ. ನಮ್ಮ ದೇಶದಲ್ಲಿ ಹಿಂದೆ ದೊಡ್ಡ ಮನುಷ್ಯ ಅಂದ್ರೆ ಹೀಗೆ ಇರಬೇಕು ಸರ್. ಬರೀ ಪುಸ್ತಕ, ಒಂದು ಕೈ. ಬರೀ ಕತ್ತಿ, ಒಂದು ಕೈ. ಎರಡು ಕೈ ಇದ್ರೆ ತಾನೆ ನಮಸ್ಕಾರ ಆಗೋದು."

ಆ ಮಾತು ಒಣಗಿದ ಸೋಗೆಗೆ ಬಿದ್ದ ಕಿಡಿಯಾಯಿತು. ತನ್ನ ನುಡಿಯಲ್ಲೂ ಕವಿಗೂ ಕಲಿಗೂ ನಡುವೆ ಒಂದೇ ಒಂದು ಅಕ್ಷರದ ಬೇಲಿಯಲ್ಲವೇ ಎಂದು ಮರುಳಸಿದ್ದಪ್ಪನು ರೋಮಾಂಚಿತನಾದನು. ಬೆಳಗಿನಲ್ಲಿ ಉತ್ತರಪತ್ರಿಕೆಗಳನ್ನು ಸಂಹರಿಸಿ, ಸಂಜೆಯಲ್ಲಿ ತಾನು ಸಂಹೃತನಾಗಿ, ಹತ್ತು ದಿನಗಳಲ್ಲಿ ಒಂದು ನಿಲುವು, ಎರಡು ಗುದ್ದು ಮತ್ತು ಹಾಲಿನ ಕ್ಯಾನಿನೆತ್ತರಕ್ಕೆ ಏಳುವ ಒಂದು ಒದೆತವನ್ನು ಸಿದ್ಧಿಸಿಕೊಂಡನು. ಹೊರಡುವ ದಿನ ಆ ನಾಲ್ಕು ಪದಗಳನ್ನು ಒಂದು ಕರೆಯೋಲೆಯ ಬೆನ್ನಿಗೆ ನಕಲು ಮಾಡಿಕೊಂಡು, ಸೊಂಟಕ್ಕೆ ನೀಲಿ ಪಟ್ಟಿಯನ್ನು ಬಿಗಿದು, ಬಸ್ಸಿನಲ್ಲಿ ಕೂತನು. ತಲೆಕಟ್ಟು ಮೇಷ್ಟ್ರು ಮೈಸೂರಿನಲ್ಲೇ ಸತ್ತನು, ಮರಳಿದವನು ಉಭಯಪಾರಂಗತನು. ಹಾಗೆಂದು ಅವನು ಅಂದುಕೊಂಡನು.

ವೀರನಿಗೆ ರಣರಂಗ ಬೇಕು. ಮನೆಯ ಹಿತ್ತಿಲಿಗಂಟಿಕೊಂಡು ಒಂದು ಕೊಬ್ಬರಿ ಕೊಟ್ಟಿಗೆಯಿತ್ತು. ಅದರ ಅಟ್ಟದ ಮೇಲೆ ಮಟ್ಟೆ ಸಮೇತ ಪೇರಿಸಿದ ತೆಂಗಿನಕಾಯಿಗಳು ಹನ್ನೊಂದು ತಿಂಗಳು ತಪಸ್ಸು ಮಾಡಿ, ಒಳಗಿನ ನೀರಿಂಗಿ, ಗಿಟುಕುಗಳಾಗಿ ಮೋಕ್ಷ ಹೊಂದುತ್ತಿದ್ದವು. ಆ ಕೊಟ್ಟಿಗೆಯು ಅವನ ಧರ್ಮಪತ್ನಿಗೆ ತವರಿನಿಂದ ಬಂದದ್ದು. ಹಳೆಯ ಕಾಯಿ ಇಳಿದು ಹೊಸ ಕಾಯಿ ಏರುವ ನಡುವಿನ ಒಂದು ವಾರದಲ್ಲಿ, ಅವಳು ಅಣ್ಣನ ಮನೆಗೆ ಹೋಗಿದ್ದಾಗ, ಪಂಡಿತನು ಖಾಲಿ ಕೊಟ್ಟಿಗೆಯನ್ನು ಆಕ್ರಮಿಸಿ, ಚಾಪೆ ಹಾಸಿ, 'ಗರಡಿ' ಎಂದು ಘೋಷಿಸಿದನು. ಶಿಷ್ಯಕೋಟಿಯು ಮೂರು ಮಂದಿ. ಅವರಲ್ಲೊಬ್ಬ ನೆರಳಿಗೆಂದು ಬರುತ್ತಿದ್ದ.

ಆ ಧರ್ಮಪತ್ನಿಯೇ ಸರ್ವಮಂಗಳಮ್ಮ. ಏಕಹಸ್ತದಿಂದ ಮುದ್ದೆಯನ್ನೂ ಅಪರಹಸ್ತದಿಂದ ಆಳುಕಾಳುಗಳನ್ನೂ ತಿರುವುವ ಸಾಮರ್ಥ್ಯವುಳ್ಳವಳು. ಮಿತಭಾಷಿಣಿ, ಆದರೆ ಆ ಮಿತದಲ್ಲಿ ಎಲ್ಲವೂ ಹಿಡಿಯುತ್ತಿತ್ತು. ಮರಳಿ ಬಂದವಳು ಅಂಗಳದಲ್ಲಿ ಟಾರ್ಪಾಲಿನಡಿ ಬಿದ್ದ ಕಾಯಿರಾಶಿಯನ್ನು ನೋಡಿದಳು, ಕೊಟ್ಟಿಗೆಯೊಳಗೆ ಒಂಟಿಕಾಲಿನಲ್ಲಿ ನಿಂತಿದ್ದ ಗಂಡನನ್ನು ನೋಡಿದಳು, ಬಾಗಿಲ ಚೌಕಟ್ಟಿಗೆ ಒರಗಿದಳು.

"ಮೃಗಶಿರೆ ಹುಟ್ಟಾಕೆ ಇನ್ನ ಹದಿನೈದು ದಿನ ಐತೆ. ಒಂದು ಮಳೆ ಬಿದ್ರೆ ಕಾಯೆಲ್ಲ ಮೊಳಕೆ ಒಡೀತವೆ. ಇದ್ರಾಗೆ ಕಾಯಿ ಇರ್ಬೇಕೋ, ನೀವು ಇರ್ಬೇಕೋ, ಹೇಳ್ಬಿಡಿ."

ಪಂಡಿತನು ಎತ್ತಿದ ಕಾಲನ್ನು ಇಳಿಸದೆಯೇ ನುಡಿದನು: "ಕೇಳು ಸತಿಯೇ. ಕಾಯಿಯನ್ನು ಒಣಗಿಸುವ ಕೊಟ್ಟಿಗೆಗಳು ಈ ಸೀಮೆಯಲ್ಲಿ ಅಸಂಖ್ಯಾತ. ಕಾಯವನ್ನು ಕಡೆಯುವ ಗರಡಿಯು ಇದೊಂದೇ. ಲೇಖನಿಯಿಂದ ಲೋಕವನ್ನು ತಿದ್ದಿದ ಈ ಬಾಹುವು ಇನ್ನು ವಜ್ರಮುಷ್ಟಿಯಿಂದ ಅದನ್ನು ಕಾಯಲಿದೆ. ನಾಳೆ ದೂರದೇಶದ ಪಥಿಕರು ಕೇಳುವರು, ಅಕ್ಷರ ಸಮರ ಎರಡರಲ್ಲೂ ಪೂರ್ಣನಾದ ಮಹಾಪುರುಷನ ಮನೆ ಯಾವುದೆಂದು. ಆಗ ನೀನು ಬಾಗಿಲಿನಲ್ಲಿ ನಿಂತು—"

"ಕಾಯ ಕಡೆದಿದ್ದು ಕಂಡೆ ಬಿಡಿ. ನಿನ್ನೆ ಚಪ್ಪಲಿ ಹಾಕ್ಕಳಾಕೆ ಗ್ವಾಡೆ ಹಿಡ್ಕಂಡ್ರಿ."

ಕಾಲು ತಾನಾಗಿ ಇಳಿಯಿತು. ಆದರೆ ಅವನ ಮುಖದಲ್ಲಿ ಏನನ್ನೋ ಕಂಡು ಸರ್ವಮಂಗಳಮ್ಮ ಸ್ವಲ್ಪ ತಡೆದಳು. ಮೂವತ್ತು ವರ್ಷದಲ್ಲಿ ಅವನು ತನಗಾಗಿ ಒಂದು ಟವೆಲನ್ನೂ ಕೇಳಿದವನಲ್ಲ.

"ಆಯ್ತು. ಆ ಮೈಸೂರಿನಮ್ಮನ್ನೇ ಕರೆಸಿ. ಬಂದು ನೋಡ್ಲಿ. ನೀವು ಎರಡ್ರಾಗೂ ಪೂರ್ತಿ ಅಂತ ಆಯಮ್ಮನ ಬಾಯಾಗೆ ಬಂದ್ರೆ ಕೊಟ್ಟಿಗೆ ನಿಮ್ದು, ಕಾಯಿನ ನಮ್ಮಣ್ಣನ ಅಟ್ಟಕ್ಕೆ ಹೊರಿಸ್ತೀನಿ. ಬರ್ಲಿಲ್ಲ ಅಂದ್ರೆ ಅವತ್ತು ಸಾಯಂಕಾಲಕ್ಕೇ ಕಾಯಿ ಒಳಿಕ್ಕೆ. ಆಮೇಲೆ ಮುಖ ಊದಿಸ್ಕಂಡು ಕೂರಂಗಿಲ್ಲ."

ಹೀಗೆ ಪಣವು ಕಟ್ಟಲ್ಪಟ್ಟಿತು. ಗುರುವಿಗೆ ಪತ್ರವು ಹೋಯಿತು. ಸೋಮವಾರದ ಮಧ್ಯಾಹ್ನದ ಬಸ್ಸಿಗೆ ಬರುವೆನೆಂದು ಉತ್ತರವೂ ಬಂತು.

ಗುರುವಿನ ಕಣ್ಣಿಗೆ ಮೊದಲು ಬೀಳುವುದು ಫಲಕ. ಆದ್ದರಿಂದ ಪಂಡಿತನು ಪೇಂಟರ್ ಕಲೀಮನನ್ನು ಬರಮಾಡಿದನು. ಲಾರಿಗಳ ಬೆನ್ನನ್ನೂ ದೇವಸ್ಥಾನಗಳ ಗೋಡೆಯನ್ನೂ ಸಮಾನಭಾವದಿಂದ ಅಲಂಕರಿಸಿದ್ದ ಕಲೀಮನು ವೃತ್ತಿಗರ್ವಿತನು. "ಏಳು ಭಾಷೇಲಿ ಬೋರ್ಡ್ ಬರ್ದಿದೀನಿ ಸಾರ್. ಆರು ಭಾಷೆ ಓದಕ್ಕೆ ಬರಲ್ಲ. ಅದ್ಕೇ ತಪ್ಪಾಗಲ್ಲ. ಓದಕ್ಕೆ ಬರೋರೇ ತಪ್ಪು ಮಾಡೋದು," ಎಂದು ಹೇಳಿ ಕುಂಚವನ್ನು ಅದ್ದಿದನು. ಈ ಮಾತು ಎಷ್ಟು ನಿಜವಾಗಲಿದೆಯೆಂದು ಆಗ ಮೂರು ಲೋಕಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಎರಡನೆಯ ಪದಕ್ಕೆ ಬಂದಾಗ ಅವನ ಕುಂಚವು ನಿಂತಿತು. "ಈ ಸೊನ್ನೆ ತಲೆ ಮ್ಯಾಲೆ ಹಾವು ಮಲಗ್ದಂಗೆ ಐತಲ್ಲ ಸಾರ್, ಹಿಂಗೇನಾ?"

ಪಂಡಿತನು ಕರೆಯೋಲೆಯನ್ನು ಕಿತ್ತುಕೊಂಡು ನೋಡಿದನು. ನೋಡಿ ಬೆವೆತನು. ಸೊನ್ನೆಯಂಥ ಆ ಅಕ್ಷರದ ನೆತ್ತಿಯ ಮೇಲೆ, ತನ್ನದೇ ಹಸ್ತದಲ್ಲಿ, ಅಲೆಯಂತೆ ಬಳುಕಿದ ಒಂದು ತಲೆಕಟ್ಟು. ಮೈಸೂರಿನ ಗೋಡೆಯ ಮೇಲೂ ಅದು ಹೀಗೆಯೇ ಇತ್ತೇ? ಇದ್ದಿರಲಾರದು. ಬಸ್ಸು ಹಿಡಿಯುವ ಆತುರದಲ್ಲಿ ತನ್ನ ಕೈಯೇ ನಡುಗಿರಬೇಕು. ಮೂವತ್ತೊಂದು ವರ್ಷ ಸಾವಿರ ಸಾವಿರ ಬೆರಳುಗಳಿಗೆ ಹೊಡೆದು ಕಲಿಸಿದ್ದನ್ನು ತಾನೇ ತಪ್ಪಿದ್ದನೆಂಬ ನಾಚಿಕೆಯಿಂದ, ಅವನು ಜೇಬಿನಿಂದ ಕೆಂಪು ಖಡ್ಗವನ್ನು ಸೆಳೆದು, ಒಂದೇ ಏಟಿಗೆ ಆ ಅಲೆಯನ್ನು ಕಡಿದು, ಅದರ ಜಾಗದಲ್ಲಿ ಗಟ್ಟಿಯಾದ ಒಂದು ಕೊಕ್ಕೆಯನ್ನು ನಿಲ್ಲಿಸಿದನು.

"ತಲೆಕಟ್ಟು ಬಳುಕಬಾರದು. ಹೀಗೆ ನೆಟ್ಟಗೆ ಬರಿ."

"ನೀವು ಹೇಳ್ದಂಗೆ ಸಾರ್," ಎಂದನು ಕಲೀಮ. ಫಲಕವು ಕೊಟ್ಟಿಗೆಯ ಬಾಗಿಲಿನ ಮೇಲೆ ಏರಿತು.

ಸೋಮವಾರ ಬಂತು. ಶಿಷ್ಯಕೋಟಿಯಲ್ಲಿ ಒಬ್ಬ ಮದುವೆಗೆ ಹೋಗಿದ್ದರಿಂದ ಉಳಿದಿಬ್ಬರು ಇಕ್ಕೆಲದಲ್ಲಿ ವಂದಿಮಾಗಧರಂತೆ ನಿಂತರು. ಪಂಡಿತನು ಇಸ್ತ್ರಿ ಮಾಡಿದ ಬಿಳಿಯ ಸಮರವಸ್ತ್ರದಲ್ಲಿ, ನೀಲಿ ಪಟ್ಟಿ ಬಿಗಿದು, ಗುರುವಿನ ಸ್ವಾಗತಕ್ಕೆಂದು ತಾನೇ ಕಟ್ಟಿದ ಷಟ್ಪದಿಯನ್ನು ತುಟಿಯಲ್ಲಿ ಉರುಹೊಡೆಯುತ್ತ, ಒಳಗೊಳಗೆ ಹೆದರುತ್ತ ನಿಂತನು. ಷಟ್ಪದಿಗೆ ಆರು ಸಾಲು ಬೇಕು; ಅವನದು ನಾಲ್ಕಕ್ಕೇ ಕೂತಿತ್ತು. ಒದೆತವಂತೂ ಹಾಲಿನ ಕ್ಯಾನಿನಿಂದ ಮೇಲೆ ಬರಲೇ ಇಲ್ಲ. ಆದರೂ ಗುರುವು 'ಪೂರ್ಣ' ಎಂಬ ಎರಡಕ್ಷರವನ್ನು ಆಡಿಬಿಟ್ಟರೆ, ಊರಿನ ಬಾಯಲ್ಲಿ ಇನ್ನೊಂದು ಹೆಸರು ಹುಟ್ಟೀತು.

ಒಂದು ಕಡ್ಡಿ ಮುರಿದ ಕೊಡೆಯನ್ನು ಹಿಡಿದು ಗುರು ಡಿಯೆಪ್ ಬಸ್ಸಿನಿಂದ ಇಳಿದು ಬಂದರು. ಅಂಗಳಕ್ಕೆ ಕಾಲಿಟ್ಟವರು ಫಲಕದತ್ತ ತಲೆಯೆತ್ತಿದರು. ಓದಿದರು. ಕನ್ನಡಕ ತೆಗೆದು ಸೆರಗಿಲ್ಲದ ಅಂಗಿಯ ಅಂಚಿನಲ್ಲಿ ಒರೆಸಿಕೊಂಡು ಮತ್ತೊಮ್ಮೆ ಓದಿದರು.

"ಸರ್. ಇದು ಯಾರು ಬರೆದದ್ದು?"

"ಕುಂಚ ಕಲೀಮನದು. ಆದರೆ ಅಕ್ಷರಶುದ್ಧಿ ನನ್ನದು," ಎಂದನು ಪಂಡಿತನು, ಎದೆಯುಬ್ಬಿಸಿ.

"ಇದು ಸಿಪ್ಪೆ."

"ಯಾವುದು?"

"ಇದು. ನೀನು ಬರೆದದ್ದು, ಅಕ್ಷರ ಮತ್ತು ಸಿಪ್ಪೆ, ಎರಡರಲ್ಲೂ ಪೂರ್ಣ."

ದಿಕ್ಕುಗಳು ನಡುಗಲಿಲ್ಲ, ಉಲ್ಕೆಗಳು ಬೀಳಲಿಲ್ಲ. ಒಂದು ಹೇಂಟೆ ಮಾತ್ರ ಟಾರ್ಪಾಲಿನ ಮೇಲಿಂದ ಕೆಳಗೆ ಹಾರಿತು. ಗುರುವು ಒಂದು ಗರಿಕಡ್ಡಿಯನ್ನು ಹೆಕ್ಕಿ ಅಂಗಳದ ಧೂಳಿನಲ್ಲಿ ಮೂರು ಸೊನ್ನೆಗಳನ್ನು ಬರೆದರು. ಮೊದಲನೆಯದರ ತಲೆಯ ಮೇಲೆ ಅಲೆ ಎಳೆದರು. "ಅಲೆ ಇದ್ರೆ ಸಮರ." ಎರಡನೆಯದರ ತಲೆಯ ಮೇಲೆ ಕೊಕ್ಕೆ. "ಕೊಕ್ಕೆ ಇದ್ರೆ ಸಿಪ್ಪೆ. ಕಿತ್ತಳೆ ಸಿಪ್ಪೆ, ಮೊಟ್ಟೆ ಸಿಪ್ಪೆ, ಈ ತೆಂಗಿನಕಾಯಿ ಮಟ್ಟೆ, ಎಲ್ಲ." ಮೂರನೆಯದಕ್ಕೆ ತಲೆಯನ್ನು ಬಿಟ್ಟು ಬಲಹೆಗಲ ಮೇಲೆ ಒಂದು ಕೊಂಬು, ಕೆಳಗೆ ಒಂದು ಚುಕ್ಕೆ ಇಟ್ಟರು. "ಇದು ಸ್ವಲ್ಪ ಬೇರೆ ಥರ ಕೂಗೋದು. ಇದು ಹೆಂಡತಿ. ಮೂರೂ ಹತ್ತಿರ ಹತ್ತಿರ. ಜಾಗ್ರತೆ."

ಪಂಡಿತನ ನೆನಪಿನಿಂದ ಷಟ್ಪದಿಯ ನಾಲ್ಕೂ ಸಾಲುಗಳು ಹಾರಿಹೋದವು. ಬಳುಕಿದ ತಲೆಕಟ್ಟೇ ಸರಿಯಾಗಿತ್ತು. ತಿದ್ದಿದ್ದೇ ತಪ್ಪಾಗಿತ್ತು.

ಗುರುವು ಅವನ ಮುಖವನ್ನು ನೋಡಿ ದನಿಯನ್ನು ತಗ್ಗಿಸಿದರು. "ನಮ್ಮ ಊರು ಬೆನ್ ಚೆ. ಅಲ್ಲಿ ಬಾಯಲ್ಲಿ ಹೇಳುವಾಗ ಸಮರ, ಸಿಪ್ಪೆ, ಎರಡೂ ಒಂದೇ ಥರ ಕೇಳುತ್ತೆ. ನಾನೂ ಚಿಕ್ಕವಳು ಬರೆಯುವಾಗ ಈ ತಪ್ಪು ಮಾಡಿ ಪೆಟ್ಟು ತಿಂದೆ." ಮತ್ತೆ ಫಲಕದತ್ತ ನೋಡಿ ಸೇರಿಸಿದರು: "ಆದ್ರೆ ನಾನು ಬೋರ್ಡ್ ಹಾಕಲಿಲ್ಲ."

"ಏನಂತೆ?" ಎಂದು ಸರ್ವಮಂಗಳಮ್ಮ ಅಡುಗೆಮನೆಯಿಂದ ಹೊರಬಂದಳು.

"ಅಮ್ಮ, ಬೋರ್ಡಲ್ಲಿ ಸಿಪ್ಪೆ ಅಂತ ಇದೆ," ಎಂದರು ಗುರು.

ಸರ್ವಮಂಗಳಮ್ಮ ಕಾಯಿರಾಶಿಯ ಕಡೆ ನೋಡಿದಳು. "ಅದೇನು, ಬೇಕಾದಷ್ಟು ಐತಲ್ಲ."

ಆಗ ಗುರುವಿನ ಕಣ್ಣೂ ರಾಶಿಯ ಕಡೆ ಹೊರಳಿತು. ಅದರ ಪಕ್ಕದಲ್ಲಿ ನೆಲಕ್ಕೆ ನೆಟ್ಟಿದ್ದ, ಸೊಂಟದೆತ್ತರದ, ಭರ್ಜಿಯಂತೆ ಮೊನೆಯುಳ್ಳ, ಕಾಯಿ ಸುಲಿಯುವ ಎರಡು ಕಬ್ಬಿಣದ ಗೂಟಗಳನ್ನು ಕಂಡು ಅವರ ಮುಖವು ಹದಿನಾಲ್ಕು ವರ್ಷದ ಮೇಲೆ ತವರನ್ನು ಕಂಡಂತೆ ಅರಳಿತು. ಬೆನ್ ಚೆ ಎಂದರೆ ತೆಂಗಿನ ನಾಡು.

"ಸರಿ ಸರ್. ಅಕ್ಷರದ ಪರೀಕ್ಷೆ ಬಾಗಿಲಲ್ಲೇ ಮುಗೀತು. ಈಗ ಎರಡನೇದು. ನಾನು ಪರೀಕ್ಷೆ ಮಾಡೋಳು, ಬೋರ್ಡಲ್ಲಿ ಏನಿದೆಯೋ ಅದನ್ನೇ ಕೇಳ್ತೀನಿ. ಒಂದು ಕಾಯಿ ಸುಲಿ. ನಮ್ಮ ಊರಲ್ಲಿ ನನ್ನ ಗುರು ಮೊದಲು ಇದೇ ಕೊಟ್ಟದ್ದು. ಕಾಲು, ಸೊಂಟ, ಕಣ್ಣು, ಮೂರೂ ಇದರಲ್ಲಿ ಗೊತ್ತಾಗುತ್ತೆ."

ಇಲ್ಲಿ ಒಂದು ರಹಸ್ಯವನ್ನು ಬಯಲು ಮಾಡಬೇಕಾಗಿದೆ. ಕಲ್ಪವೃಕ್ಷದ ನಾಡಿನಲ್ಲಿ ಹುಟ್ಟಿ, ತೆಂಗಿನ ಗರಿಯ ತೊಟ್ಟಿಲಿನಲ್ಲಿ ಆಡಿ, ದಿನಕ್ಕೆ ಮೂರು ಹೊತ್ತು ಚಟ್ನಿಯನ್ನುಂಡು ಬೆಳೆದ ಈ ವೀರನು ತನ್ನ ಐವತ್ತಾರು ವಸಂತಗಳಲ್ಲಿ ಒಂದೇ ಒಂದು ಕಾಯಿಯನ್ನೂ ಸುಲಿದವನಲ್ಲ. ಸುಲಿದ ಕಾಯಿಯೇ ಮನೆಯೊಳಗೆ ಬರುತ್ತಿತ್ತು. ಅದು ಹಾಗೆ ಹುಟ್ಟುವುದಿಲ್ಲವೆಂದು ಅವನಿಗೆ ತಿಳಿದಿತ್ತಾದರೂ, ಅದರಾಚೆಗೆ ಅವನು ವಿಚಾರಿಸಿರಲಿಲ್ಲ.

ಆದರೂ ಅವನು ಹಿಮ್ಮೆಟ್ಟಲಿಲ್ಲ. ಕೊಟ್ಟಿಗೆಯ ಬಾಗಿಲನ್ನು ಒಮ್ಮೆ ನೋಡಿ, ಕಾಯಿಯೊಂದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಗರ್ಜಿಸಿದನು: "ಎಲವೋ ನಾರಿಕೇಳವೇ, ತ್ರಿನೇತ್ರಧಾರಿಯೇ, ಕಠೋರಕವಚನೇ. ಒಳಗೆ ಬರಿಯ ನೀರನ್ನು ತುಂಬಿಕೊಂಡು ಹೊರಗೆ ವೀರನಂತೆ ಮೆರೆಯುವವನೇ. ನಿನ್ನ ಕವಚವನ್ನು ಮೂರು ಸೀಳಾಗಿ ಸೀಳಿ, ನಿನ್ನ ಜುಟ್ಟನ್ನು ಹಿಡಿದು ಈ ಸಭೆಯ ಮುಂದೆ ನಿಲ್ಲಿಸದಿದ್ದರೆ ನನ್ನ ಹೆಸರು—"

"ಅದ್ಕೆ ಕಿವಿ ಇಲ್ಲ ಕಣ್ರೀ, ಕಣ್ಣು ಮಾತ್ರ ಮೂರವೆ," ಎಂದಳು ಸರ್ವಮಂಗಳಮ್ಮ. "ತೊಟ್ಟು ಮೇಲ್ಕೆ ಮಾಡ್ಕಂಡು ಕುತ್ರಿ."

ಸಮರವು ಆರಂಭವಾಯಿತು. ಮೊದಲ ಪ್ರಹಾರದಲ್ಲಿ ಕಾಯಿಯು ಮೊನೆಯಿಂದ ಜಾರಿ, ಶಿಷ್ಯನೊಬ್ಬನ ಹೆಬ್ಬೆರಳನ್ನು ಸವರಿ, ಬಚ್ಚಲ ಮೋರಿಯಲ್ಲಿ ಆಶ್ರಯ ಪಡೆಯಿತು. ಅಲ್ಲಿಂದ ಅದನ್ನು ಸೆರೆಹಿಡಿದು ತರಲಾಯಿತು. ಎರಡನೆಯ ಪ್ರಹಾರದಲ್ಲಿ ಮೊನೆಯು ಮಟ್ಟೆಯೊಳಗೆ ಗೇಣುದ್ದ ಹೊಕ್ಕಿತು, ಆದರೆ ಹೊಕ್ಕದ್ದು ಹೊರಬರಲಿಲ್ಲ. ಪಂಡಿತನು ಎಳೆದನು, ತಿರುವಿದನು, ಜೋತುಬಿದ್ದನು. ಕಾಯಿಯು ಗೂಟದ ಮೇಲೆ ಶೂಲಕ್ಕೇರಿದ ದೈತ್ಯನ ಶಿರದಂತೆ ಅಲುಗದೆ ಕೂತು ಮೂರೂ ಕಣ್ಣುಗಳನ್ನು ಒಳಗೇ ಮಿಟುಕಿಸಿತು. ಹತ್ತು ದಿನದ ಅಭ್ಯಾಸವನ್ನು ನೆನೆದು ಅವನು ಸಮರನಿಲುವಿಗೆ ಇಳಿದನು. ಆಗ ಪಂಚಮಹಾಶಬ್ದಗಳಲ್ಲಿ ನಾಲ್ಕನೆಯದು ಮೊಳಗಿತು. ಲಟಕ್.

"ಕೂತ್ಕಂಡು ಸುದಾರಿಸ್ಕಳಿ ಸಾರ್," ಎಂದನು ನೆರಳಿಗೆ ಬರುತ್ತಿದ್ದ ಶಿಷ್ಯ, ನೆರಳಿನಿಂದ.

ಇತ್ತ, ಇನ್ನೊಂದು ಗೂಟ ಖಾಲಿಯಿತ್ತು. ಅಟ್ಟಕ್ಕೇರಲು ಯೋಗ್ಯವಲ್ಲದ, ಆಗಲೇ ಮೊಳಕೆ ಇಣುಕಿದ್ದ ಕಾಯಿಗಳನ್ನು ಸರ್ವಮಂಗಳಮ್ಮ ಬೇರೆ ಮಾಡಿಟ್ಟಿದ್ದಳು. ಗುರುವು ಕೊಡೆಯನ್ನು ಬದಿಗಿಟ್ಟು ಒಂದನ್ನು ಕೈಗೆತ್ತಿಕೊಂಡರು. ಕುತ್ತಿದರು, ತಿರುವಿದರು, ಕುತ್ತಿದರು, ತಿರುವಿದರು, ಮೂರನೆಯದಕ್ಕೆ ಮಟ್ಟೆಯು ಹೂವಿನಂತೆ ಬಿಚ್ಚಿಕೊಂಡಿತು. ಸರ್ವಮಂಗಳಮ್ಮ ಇನ್ನೊಂದನ್ನು ಎತ್ತಿ ಎರಡೇ ತಿರುವಿನಲ್ಲಿ ಮುಗಿಸಿದಳು. ಗುರುವು ತಲೆದೂಗಿ ಮತ್ತೊಂದನ್ನು ಎತ್ತಿದರು. ಹೀಗೆ ಅವರಿಬ್ಬರೂ ಸರದಿಯ ಮೇಲೆ, ಭಜನೆಯ ತಾಳ ಹಾಕಿದಂತೆ, ಸುಲಿಯುತ್ತ ಮಾತಿಗಿಳಿದರು.

"ನಿಮ್ ಕಡೆನೂ ಅಟ್ಟಕ್ಕೆ ಹಾಕ್ತೀರಾ?"

"ಇಲ್ಲ ಅಮ್ಮ. ನಾವು ಕಾಯಿ ಹಾಲು ಕಾಯಿಸಿ ಮಿಠಾಯಿ ಮಾಡ್ತೀವಿ. ಅಂಟು ಅಂಟು. ನನ್ನ ಅಮ್ಮನ ಹಲ್ಲು ಒಂದು ಅದರಲ್ಲೇ ಹೋಯ್ತು."

"ನಮ್ಮತ್ತೇದು ಕೊಬ್ಬರಿ ಕಡಿಯಾಕೆ ಹೋಗಿ ಹೋತು. ಎಲ್ಲಾ ಕಡೀಕೂ ಒಂದೇ ಬಿಡಿ."

ಪಂಡಿತನು ಇದನ್ನೆಲ್ಲ ಬೆವರಿನ ಪರದೆಯ ಮೂಲಕ ಕೇಳುತ್ತಿದ್ದನು. ಅವರ ಪಕ್ಕದಲ್ಲಿ ಸುಲಿದ ಕಾಯಿಗಳು ಗುಡ್ಡೆಯಾಗುತ್ತಿದ್ದವು. ಅವನದು ಒಂದೇ, ಅದೂ ಗೂಟದ ಮೇಲೆ. ನೀಲಿ ಪಟ್ಟಿಯು ಮೊನೆಗೆ ಸಿಕ್ಕಿ ಹರಿಯಿತು. ಅಂಗೈಯಲ್ಲಿ ಬೊಬ್ಬೆಗಳೆದ್ದವು. ಅವನು ಕುತ್ತಿದನು, ಮತ್ತೆ ಕುತ್ತಿದನು, ಚಿಕ್ಕ ಚಿಕ್ಕದಾಗಿ, ಸಿಟ್ಟಿನಿಂದ, ಒಂದೇ ಕಡೆ. ಮಟ್ಟೆಯ ತುಂಬ ತೂತುಗಳಾದವೇ ಹೊರತು ಅದು ಬಿಡಲಿಲ್ಲ.

ಸರ್ವಮಂಗಳಮ್ಮ ತನ್ನ ಕೆಲಸ ನಿಲ್ಲಿಸಿ ಬಂದು ಪಕ್ಕದಲ್ಲಿ ನಿಂತಳು. ಇಬ್ಬರಿಗೆ ಮಾತ್ರ ಕೇಳುವಂತೆ ಹೇಳಿದಳು: "ತಪ್ಪು ತಿದ್ದೋ ಹಂಗೆ ಕುತ್ತಬ್ಯಾಡಿ. ಭಾರ ಬಿಡಿ. ಅದೇ ಒಡ್ಕಂತೈತೆ."

ಅವನು ನಿಲುವನ್ನು ಬಿಟ್ಟನು. ಗರ್ಜನೆಯನ್ನೂ ಬಿಟ್ಟನು. ಕಾಯಿಯ ಮೇಲೆ ಎರಡೂ ಕೈಯಿಟ್ಟು, ಮೂವತ್ತೊಂದು ವರ್ಷ ಎಲ್ಲೂ ಇಳಿಸದ ತನ್ನ ಭಾರವನ್ನೆಲ್ಲ ಅದರ ಮೇಲೆ ಇಳಿಸಿ, ಪಕ್ಕಕ್ಕೆ ವಾಲಿದನು. ಚರ್‌ರೆಂದು ಸದ್ದಾಯಿತು. ಮಟ್ಟೆಯ ಒಂದು ಸೀಳು ಅವನ ಕೈಗೆ ಬಂತು. ಇನ್ನೊಂದು ಬಂತು. ಕಡೆಗೆ, ಹದಿನೈದು ದಿನ ಕ್ಷೌರ ಕಾಣದ ಸನ್ಯಾಸಿಯ ಗಡ್ಡದಂತೆ ನಾರು ಜೋತುಬಿದ್ದ ಒಂದು ಕಾಯಿಯು ಅವನ ಕೈಯಲ್ಲಿತ್ತು. ಶಿಷ್ಯರಿಬ್ಬರೂ ಚಪ್ಪಾಳೆ ತಟ್ಟಿದರು.

ಗುರುವು ಕಾಯಿಯನ್ನು ಈಸಿಕೊಂಡು ಕಿವಿಯ ಬಳಿ ಅಲ್ಲಾಡಿಸಿ ನೋಡಿದರು. ಪಂಡಿತನು ಕೊಟ್ಟಿಗೆಯ ಕಡೆ ನೋಡಿದನು. ಸರ್ವಮಂಗಳಮ್ಮ ನೆಲದ ಕಡೆ ನೋಡಿದಳು.

"ನಲವತ್ತು ನಿಮಿಷ, ಒಂದು ಕಾಯಿ," ಎಂದರು ಗುರು. "ಅಕ್ಷರ, ತಪ್ಪು. ಸಮರ, ನಾನು ಕೇಳಲಿಲ್ಲ, ಬೋರ್ಡಲ್ಲಿ ಇಲ್ಲ. ಸಿಪ್ಪೆ, ಪರವಾಗಿಲ್ಲ. ಪೂರ್ಣ ಅಲ್ಲ ಸರ್."

"ಅಲ್ಲ," ಎಂದನು ಪಂಡಿತನು. ಆ ಮಾತಿನಲ್ಲಿ ಸಮಾಸವಿರಲಿಲ್ಲ.

"ನಾನೂ ಅಲ್ಲ. ನನ್ನ ಗುರುವೂ ಅಲ್ಲ. ಅದು ಗೋಡೆ ಮೇಲೆ ಬರೆಯೋದು ಯಾಕೆ ಗೊತ್ತಾ? ತಲೆ ಎತ್ತಿ ನೋಡೋಕೆ. ಹಣೆ ಮೇಲೆ ಬರಕೊಳ್ಳೋಕೆ ಅಲ್ಲ." ಗುರುವು ಅಂಗಳವನ್ನು ಒಮ್ಮೆ ಅಳೆದು ನೋಡಿದರು. "ಕಾಯಿ ಒಳಗೆ ಹೋದ್ರೆ ಇಷ್ಟು ಜಾಗ ಖಾಲಿ. ನಮ್ಮಲ್ಲಿ ಅಂಗಳದಲ್ಲೇ ಕಲಿಯೋದು. ದಿನಾ ಹತ್ತು ಕಾಯಿ ಸುಲಿ. ಮುಂದಿನ ವರ್ಷ ಬರ್ತೀನಿ. ಬೋರ್ಡ್ ಸರಿ ಮಾಡಿಸು."

ತೀರ್ಪು ಮುಗಿಯಿತು, ಊಟಕ್ಕೆ ಎಲೆ ಬಿತ್ತು. ಮುದ್ದೆ, ಸೊಪ್ಪಿನ ಸಾರು, ಮತ್ತು ವೀರನು ಸ್ವಹಸ್ತದಿಂದ ಜಯಿಸಿದ ಕಾಯಿಯ ಚಟ್ನಿ. ಬೋರ್ಡಿನ ವಿಷಯ ಕೇಳಿ ಕಲೀಮನೂ ಏಣಿ, ಟರ್ಪೆಂಟೈನು ಸಮೇತ ಬಂದಿದ್ದನು. ಏಣಿ ಹತ್ತಿ ಕಿಟಕಿಯ ಕಡೆ ತಿರುಗಿ ಕೂಗಿದನು: "ಆ ತಲೆ ಮೇಲಿನ ಕೊಕ್ಕೆ ಏನ್ಮಾಡ್ಲಿ ಸಾರ್?"

'ಸರಿಪಡಿಸು' ಎಂಬುದು ಪಂಡಿತನ ಉತ್ತರವಾಗಿತ್ತು. ಆದರೆ ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ಆ ಗಳಿಗೆಯಲ್ಲಿ ಒಂದು ತುತ್ತು ಅವನ ಗಂಟಲಿನಲ್ಲಿ ಇಳಿಯುತ್ತಿತ್ತು. ನಡುವಿನ ಎರಡಕ್ಷರಗಳು ಅದರೊಂದಿಗೆ ಇಳಿದುಹೋದವು. "ಸರಿ... ಸು," ಎಂಬುದಷ್ಟೇ ಕಿಟಕಿಯನ್ನು ದಾಟಿತು.

ಕಲೀಮನು ಆಜ್ಞಾಪಾಲಕನು. ತಲೆಯ ಮೇಲಿದ್ದ ಕೊಕ್ಕೆಯನ್ನು ಒರೆಸಿ, ಅದನ್ನು ಬಲಗಡೆಗೆ ಸರಿಸಿ, ಹೆಗಲ ಮೇಲೆ ಅಂದವಾಗಿ ಕೂರಿಸಿದನು. ಕುಂಚವನ್ನು ಎತ್ತುವಾಗ ಬಣ್ಣದ ಒಂದು ತೊಟ್ಟು ಅಕ್ಷರದ ಕೆಳಗೆ ಬಿತ್ತು. ಚೆನ್ನಾಗಿಯೇ ಕಾಣುತ್ತದೆಂದು ಅದನ್ನು ದುಂಡಗೆ ಮಾಡಿದನು.

ನಾಲ್ಕೂವರೆಯ ಬಸ್ಸಿಗೆ ಹೊರಟ ಗುರುವು ಅಂಗಳದಲ್ಲಿ ನಿಂತು ಫಲಕವನ್ನು ಓದಿದರು. ಈ ಸಲ ಕನ್ನಡಕ ಒರೆಸಿಕೊಳ್ಳಲಿಲ್ಲ. ಕಾಯಿಬುಟ್ಟಿ ಹೊತ್ತು ಕೊಟ್ಟಿಗೆಯೊಳಗೆ ಹೋಗುತ್ತಿದ್ದ ಸರ್ವಮಂಗಳಮ್ಮನನ್ನು ನೋಡಿದರು, ಮತ್ತೆ ಫಲಕವನ್ನು ನೋಡಿದರು. ಅವರ ಮುಖದ ಸುಕ್ಕುಗಳೆಲ್ಲ ಒಂದೇ ಸಲ ಮೇಲೆದ್ದವು.

"ಈಗ ಸರಿ ಇದೆ ಸರ್. ಮುಟ್ಟಬೇಡ," ಎಂದು ಹೇಳಿ, ಕಡ್ಡಿ ಮುರಿದ ಕೊಡೆಯನ್ನು ಬಿಚ್ಚಿಕೊಂಡು ಹೊರಟುಹೋದರು.

ಪಂಡಿತನು ತಲೆಯೆತ್ತಿದನು. ಆಮೇಲೆ ಧೂಳಿನ ಕಡೆ ತಲೆ ತಗ್ಗಿಸಿದನು. ಮೊದಲೆರಡು ಸೊನ್ನೆಗಳನ್ನು ಹೇಂಟೆಯು ಕೆದರಿ ಅಳಿಸಿತ್ತು. ಮೂರನೆಯದು ಹಾಗೆಯೇ ಇತ್ತು, ಹೆಗಲ ಮೇಲೆ ಕೊಂಬು, ಕೆಳಗೊಂದು ಚುಕ್ಕೆ. ಅವನ ಬೊಬ್ಬೆಯೆದ್ದ ಬಲಗೈ ತಾನಾಗಿ ಜೇಬಿಗೆ ಹೋಯಿತು. ಕೆಂಪು ಲೇಖನಿಯು ಬೆರಳಿಗೆ ತಗುಲಿತು.

"ಸರಿ ಐತಾ ಸಾರ್?" ಎಂದು ಕಲೀಮನು ಏಣಿಯ ಮೇಲಿಂದ ಕೇಳಿದನು.

ಪಂಡಿತನ ಕೈ ಜೇಬಿನಿಂದ ಖಾಲಿಯಾಗಿ ಹೊರಬಂತು.

"ಸರಿ ಇದೆ."

"ಏನಂತೆ ಈಗ ಬರ್ದಿರೋದು?" ಎಂದಳು ಸರ್ವಮಂಗಳಮ್ಮ, ಖಾಲಿ ಬುಟ್ಟಿಯೊಂದಿಗೆ ಹೊರಬಂದು. "ಸಿಪ್ಪೆ ಹೋತಾ?"

"ಹೋಯ್ತು."

"ಮತ್ತೆ ಏನೈತೆ?"

"ಆಮೇಲೆ ಹೇಳ್ತೀನಿ. ಬುಟ್ಟಿ ಕೊಡು ಇಲ್ಲಿ."

"ಮೃಗಶಿರೆ ಒಳಗೆ ಹೇಳಿ," ಎಂದು ಅವಳು ಬುಟ್ಟಿಯನ್ನು ಅವನ ಕೈಗಿಟ್ಟಳು. ಅಕ್ಷರಸಮರಸಾರ್ವಭೌಮನಾದ ಮರುಳಸಿದ್ದಪ್ಪ ಪಂಡಿತನು ಅದನ್ನು ತುಂಬಿ, ಹೆಗಲಿಗೇರಿಸಿ, ಲಟಕ್ಕೆಂದು ಎದ್ದು, ಕೊಟ್ಟಿಗೆಯ ಒಳಗೆ ನಡೆದನು.

ಈ ವೀರಚರಿತೆಯನ್ನು ಕಡೆಯವರೆಗೆ ಕೇಳಿದವರ ಮನೆಯ ಚಟ್ನಿಯಲ್ಲಿ ನಾರು ಸಿಗದಿರಲಿ. ಅಂದಿನ ಚಟ್ನಿಯಲ್ಲಿ ಸಿಕ್ಕಿತ್ತು.